ಐವತ್ತು ವರ್ಷದ ಶಿಕ್ಷೆ

ಫುಟ್ಬಾಲ್ ತಂಡದ ಹನ್ನೊಂದು ಜನರಲ್ಲಿ ಹತ್ತು ಜನ ಒಂದೇ ಬಣ್ಣದ ಅಂಗಿ ತೊಡುತ್ತಾರೆ. ಹನ್ನೊಂದನೆಯವನದು ಬೇರೆ ಬಣ್ಣ. ಚೆಂಡನ್ನು ಕೈಯಿಂದ ಹಿಡಿಯುವ ಅಧಿಕಾರ ತಂಡದಲ್ಲಿ ಅವನೊಬ್ಬನಿಗೇ ಇದೆ. 24 ಅಡಿ ಅಗಲ, 8 ಅಡಿ ಎತ್ತರದ ಬಾಗಿಲೊಂದನ್ನು ಕಾಯುವ ಹೊಣೆಯೂ ಅವನೊಬ್ಬನದೇ. ಫಾರ್ವರ್ಡ್ ಆಟಗಾರ ಐದು ಅವಕಾಶಗಳನ್ನು ಹಾಳುಮಾಡಿ ಆರನೆಯದರಲ್ಲಿ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಗೋಲ್‌ಕೀಪರ್ ಐದು ಹೊಡೆತಗಳನ್ನು ತಡೆದು ಆರನೆಯದನ್ನು ಬಿಟ್ಟರೆ ಆ ಐದು ಯಾರಿಗೂ ನೆನಪಿರುವುದಿಲ್ಲ. ತಪ್ಪಿನ ಲೆಕ್ಕ ಮಾತ್ರ ಇಡುವ ಕಸುಬು ಅದು.

ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಅಲ್ಜೀರಿಯಾದಲ್ಲಿ ಹುಡುಗನಾಗಿದ್ದಾಗ ಗೋಲ್‌ಕೀಪರ್ ಆಗಿದ್ದರು. 1930ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಕ್ಷಯರೋಗ ತಗುಲಿ ಆಟ ಬಿಡಬೇಕಾಯಿತು. ನೀತಿ, ಕರ್ತವ್ಯಗಳ ಬಗ್ಗೆ ತಮಗೆ ಗೊತ್ತಿರುವುದಕ್ಕೆ ಫುಟ್ಬಾಲಿಗೆ ಋಣಿ ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದರು. ಗೋಲಿನ ಮುಂದೆ ನಿಂತವನು ನೀತಿಯನ್ನು ಕಲಿಯಬಹುದು, ಒಪ್ಪೋಣ. ಆದರೆ ಸುತ್ತ ಕುಳಿತು ನೋಡುವ ನಾವು ಏನು ಕಲಿಯುತ್ತೇವೆ? ಒಬ್ಬನ ತಪ್ಪನ್ನು ಹೇಗೆ ತೂಗಬೇಕು, ಎಷ್ಟು ಕಾಲ ನೆನಪಿಡಬೇಕು ಎಂಬ ಪ್ರಶ್ನೆ ಕಾಯುವವನಿಗಿಂತ ನೋಡುವವರಿಗೆ ಹೆಚ್ಚು ಸಂಬಂಧಿಸಿದ್ದು.

ಬ್ರೆಜಿಲ್‌ನ ಮೊಅಸಿರ್ ಬಾರ್ಬೋಸಾ ಅವರ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. 1921ರಲ್ಲಿ ಕಂಪಿನಾಸ್ ಎಂಬ ಊರಿನಲ್ಲಿ ಹುಟ್ಟಿದ ಕಪ್ಪು ಮನುಷ್ಯ. 1945ರಲ್ಲಿ ರಿಯೊ ಡಿ ಜನೈರೊದ ವಾಸ್ಕೊ ಡ ಗಾಮ ಕ್ಲಬ್ ಸೇರಿದರು. ಆ ಕ್ಲಬ್ 1948ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬುಗಳ ಪಂದ್ಯಾವಳಿ ಗೆದ್ದಾಗಲೂ, 1949ರಲ್ಲಿ ಬ್ರೆಜಿಲ್ ದಕ್ಷಿಣ ಅಮೆರಿಕದ ಪ್ರಶಸ್ತಿ ಗೆದ್ದಾಗಲೂ ಗೋಲು ಕಾದವರು ಅವರೇ. ಕೈಗವಸು ಹಾಕದೆ ಬರಿಗೈಯಲ್ಲಿ ಆಡುತ್ತಿದ್ದ ಅವರನ್ನು ಆ ಕಾಲದ ಅತ್ಯುತ್ತಮ ಗೋಲ್‌ಕೀಪರುಗಳ ಸಾಲಿನಲ್ಲಿ ಎಣಿಸುತ್ತಿದ್ದರು.

1950ರ ವಿಶ್ವಕಪ್ ಬ್ರೆಜಿಲ್‌ನಲ್ಲೇ ನಡೆಯಿತು. ಕೊನೆಯ ಸುತ್ತಿನಲ್ಲಿ ಬ್ರೆಜಿಲ್ ತಂಡ ಸ್ವೀಡನ್ ವಿರುದ್ಧ 7-1, ಸ್ಪೇನ್ ವಿರುದ್ಧ 6-1 ಗೋಲುಗಳಿಂದ ಗೆದ್ದಿತ್ತು. ಜುಲೈ 16ರಂದು ಉರುಗ್ವೆ ಎದುರು ಪಂದ್ಯ ಸಮವಾದರೂ ಕಪ್ ಅವರದೇ. ರಿಯೊದ ಪತ್ರಿಕೆಯೊಂದು ಆಟಕ್ಕೆ ಮೊದಲೇ ತಂಡದ ಚಿತ್ರ ಹಾಕಿ ಇವರೇ ವಿಶ್ವ ಚಾಂಪಿಯನ್ನರು ಎಂದು ಸಾರಿತ್ತು. ಹೊಸದಾಗಿ ಕಟ್ಟಿದ ಮರಕಾನಾ ಕ್ರೀಡಾಂಗಣದಲ್ಲಿ ಟಿಕೆಟ್ ಕೊಂಡು ಬಂದವರೇ 1,73,850 ಜನ. ಒಟ್ಟು ಜನ ಎರಡು ಲಕ್ಷದ ಹತ್ತಿರವಿತ್ತೆಂದು ಅಂದಾಜು. ದ್ವಿತೀಯಾರ್ಧ ಶುರುವಾಗುತ್ತಲೇ ಬ್ರೆಜಿಲ್ ಒಂದು ಗೋಲು ಹೊಡೆಯಿತು. 66ನೇ ನಿಮಿಷದಲ್ಲಿ ಉರುಗ್ವೆಯ ಗಿಜ್ಜಾ ಬಲಬದಿಯಿಂದ ಓಡಿಬಂದು ಚೆಂಡನ್ನು ನಡುವಿಗೆ ದಾಟಿಸಿದರು, ಸ್ಕಿಯಾಫಿನೊ ಗೋಲು ಹೊಡೆದರು. 79ನೇ ನಿಮಿಷದಲ್ಲಿ ಅದೇ ಗಿಜ್ಜಾ ಅದೇ ಬಲಬದಿಯಿಂದ ಮತ್ತೆ ಬಂದರು. ಈ ಸಲವೂ ಚೆಂಡು ನಡುವಿಗೇ ಬರುತ್ತದೆಂದು ಬಾರ್ಬೋಸಾ ಎಣಿಸಿ, ಹತ್ತಿರದ ಕಂಬ ಬಿಟ್ಟು ಒಂದು ಹೆಜ್ಜೆ ಈಚೆ ಸರಿದರು. ಗಿಜ್ಜಾ ಆ ಸಂದಿಗೇ ಒದ್ದರು. ಬಾರ್ಬೋಸಾ ನೆಗೆದರು, ಚೆಂಡನ್ನು ಹೊರಕ್ಕೆ ತಳ್ಳಿದೆನೆಂದೇ ಅವರಿಗೆ ಅನಿಸಿತ್ತಂತೆ. ತಿರುಗಿ ನೋಡಿದರೆ ಅದು ಬಲೆಯೊಳಗಿತ್ತು. ಉರುಗ್ವೆ 2-1ರಿಂದ ಗೆದ್ದಿತು.

ಆಮೇಲೆ ನಡೆದದ್ದು ನಮ್ಮ ವಿಷಯ. ಬ್ರೆಜಿಲ್ ಅಲ್ಲಿಯವರೆಗೆ ತೊಡುತ್ತಿದ್ದ ಬಿಳಿ ಅಂಗಿಯನ್ನು ಬಿಟ್ಟು ಹಳದಿ ಅಂಗಿ ತೊಟ್ಟಿತು. ಬಾರ್ಬೋಸಾ ಕ್ಲಬ್ಬಿಗೆ ಇನ್ನೂ ಎಷ್ಟೋ ವರ್ಷ ಚೆನ್ನಾಗಿಯೇ ಆಡಿದರೂ ದೇಶದ ಪರವಾಗಿ ಮತ್ತೆ ಆಡಿದ್ದು 1953ರಲ್ಲಿ, ಒಂದೇ ಒಂದು ಪಂದ್ಯ. 1962ರಲ್ಲಿ ನಿವೃತ್ತರಾದರು, ಮುಂದೆ ಮರಕಾನಾದಲ್ಲೇ ನೌಕರಿ ಮಾಡಿದರು. ಆ ಗೋಲಿನ ಹಳೆಯ ಮರದ ಕಂಬಗಳು ಅವರ ಕೈಸೇರಿದವೆಂದೂ ಅವನ್ನು ಸೌದೆ ಮಾಡಿ ಸುಟ್ಟರೆಂದೂ ಒಂದು ಕತೆಯಿದೆ. ಅಂಗಡಿಯೊಂದರಲ್ಲಿ ಒಬ್ಬ ಹೆಂಗಸು ತನ್ನ ಮಗನಿಗೆ ಅವರನ್ನು ತೋರಿಸಿ, ಇಡೀ ದೇಶವನ್ನು ಅಳಿಸಿದವನು ಇವನೇ ಎಂದಳೆಂದು ಅವರೇ ಹೇಳಿಕೊಂಡಿದ್ದರು. ಆಗ ಪಂದ್ಯ ಮುಗಿದು ಇಪ್ಪತ್ತು ವರ್ಷವಾಗಿತ್ತು. 1993ರಲ್ಲಿ ರಾಷ್ಟ್ರೀಯ ತಂಡದ ಆಟಗಾರರನ್ನು ನೋಡಲು ಹೋದಾಗ ಅಪಶಕುನವೆಂದು ಅವರನ್ನು ದೂರವಿಟ್ಟರು. ತಮ್ಮ ದೇಶದ ಕಾನೂನಿನಲ್ಲಿ ಅತಿ ಹೆಚ್ಚಿನ ಶಿಕ್ಷೆ 30 ವರ್ಷ, ನನ್ನದು ಐವತ್ತಾದರೂ ಮುಗಿದಿಲ್ಲ ಎಂಬರ್ಥದಲ್ಲಿ ಅವರು ಕೊನೆಗಾಲದಲ್ಲಿ ನೊಂದು ನುಡಿದರು. 2000ದ ಏಪ್ರಿಲ್ 7ರಂದು ತೀರಿಕೊಂಡರು.

ಉರ್ದುವಿನಲ್ಲಿ ಖತಾ ಎಂಬ ಮಾತಿದೆ, ಗುನಾಹ್ ಎಂಬ ಮಾತೂ ಇದೆ. ಖತಾ ಎಂದರೆ ಗುರಿ ತಪ್ಪಿದ್ದು, ಎಣಿಕೆ ತಪ್ಪಿದ್ದು. ಗುನಾಹ್ ಎಂದರೆ ಪಾಪ, ಗೊತ್ತಿದ್ದೂ ಮಾಡಿದ್ದು. ಕನ್ನಡದಲ್ಲಿ ಪ್ರಮಾದ, ಅಪರಾಧ ಎಂಬ ಬೇರೆ ಬೇರೆ ಪದಗಳಿದ್ದರೂ ಆಡುಮಾತಿನಲ್ಲಿ ಎರಡಕ್ಕೂ 'ತಪ್ಪು' ಎಂದೇ ಅನ್ನುತ್ತೇವೆ. ಲೆಕ್ಕ ತಪ್ಪಿದ ಮಗುವೂ ತಪ್ಪು ಮಾಡಿದೆ, ಲಂಚ ತಿಂದ ಅಧಿಕಾರಿಯೂ ತಪ್ಪು ಮಾಡಿದ್ದಾನೆ. ಎರಡು ಭಾಷೆಗಳಲ್ಲಿ ಓದಿದವನಿಗೆ ಇದು ಬರೀ ಪದಗಳ ವಿಚಾರವಾಗಿ ಕಾಣುವುದಿಲ್ಲ. ಇಸ್ಲಾಮೀ ಕಾನೂನು ಒಂದು ಜೀವ ಹೋದಾಗಲೂ ಈ ಭೇದವನ್ನು ಬಿಟ್ಟುಕೊಡುವುದಿಲ್ಲ. ಬೇಕೆಂದೇ ಮಾಡಿದ ಕೊಲೆ ಬೇರೆ, ಅಚಾತುರ್ಯದಿಂದ ಆದ ಸಾವು ಬೇರೆ. ಎರಡನೆಯದಕ್ಕೆ ದಿಯತ್ ಎಂಬ ಪರಿಹಾರಧನವಿದೆ, ಪ್ರಾಯಶ್ಚಿತ್ತವಿದೆ. ಅದನ್ನು ಪೂರೈಸಿದವನು ಮತ್ತೆ ಮನುಷ್ಯರ ನಡುವೆ ಬಂದು ಕೂರಬಹುದು.

ಪ್ರವಾದಿ ಮುಹಮ್ಮದ್(ಸ)ರ ಪ್ರಸಿದ್ಧ ಹದೀಸೊಂದರ ಆಶಯವನ್ನೂ ಇಲ್ಲಿ ನೆನೆಯಬಹುದು. ನ್ಯಾಯಾಧೀಶನು ತನ್ನ ಶಕ್ತಿಮೀರಿ ಯೋಚಿಸಿ ಕೊಟ್ಟ ತೀರ್ಪು ಸರಿಯಾದರೆ ಅವನಿಗೆ ಎರಡು ಪ್ರತಿಫಲ. ಹಾಗೆ ಯೋಚಿಸಿಯೂ ತೀರ್ಪು ತಪ್ಪಿದರೆ ಒಂದು ಪ್ರತಿಫಲ. ಇದು ನ್ಯಾಯಾಧೀಶರ ಕುರಿತ ಮಾತು, ಚೆಂಡು ಹಿಡಿಯುವವರ ಕುರಿತದ್ದಲ್ಲ, ನಿಜ. ಆದರೆ ಪ್ರಾಮಾಣಿಕ ಯೋಚನೆಗೆ, ಅದು ಕೈಕೊಟ್ಟಾಗಲೂ ಬೆಲೆಯಿದೆ ಎಂಬ ವಿವೇಕ ಅದರಲ್ಲಿದೆ. ಬಾರ್ಬೋಸಾ ಮೈಮರೆತು ನಿಂತಿರಲಿಲ್ಲ. ಹದಿಮೂರು ನಿಮಿಷದ ಹಿಂದೆ ಅದೇ ಆಟಗಾರ ಏನು ಮಾಡಿದ್ದನೆಂಬುದನ್ನು ನೆನಪಿಟ್ಟು ಕ್ಷಣಾರ್ಧದಲ್ಲಿ ತೀರ್ಮಾನ ಮಾಡಿದರು. ಚೆಂಡು ನಡುವಿಗೆ ಬಂದಿದ್ದರೆ ಆ ಒಂದು ಹೆಜ್ಜೆಯನ್ನೇ ಜಾಣತನವೆಂದು ಹೊಗಳುತ್ತಿದ್ದರು. ಹೆಜ್ಜೆ ಒಂದೇ. ಎದುರಾಳಿಯ ಕಾಲು ಎತ್ತ ತಿರುಗಿತು ಎಂಬುದರ ಮೇಲೆ ಒಬ್ಬ ಮನುಷ್ಯ ಜಾಣನೋ ದ್ರೋಹಿಯೋ ಎಂದು ನಿರ್ಧಾರವಾಗುವುದು ಯಾವ ನ್ಯಾಯ?

ಹಾಗಾದರೆ ಯಾರನ್ನೂ ಹೊಣೆ ಮಾಡಬಾರದೇ ಎಂದು ಕೇಳಬಹುದು. ಸಂಬಳ ಪಡೆದು ಆಡುವವನು ತಪ್ಪಿದರೆ ಪ್ರಶ್ನಿಸುವುದು ಸಹಜ. ಡಾಕ್ಟರು, ಡ್ರೈವರು, ಮೇಷ್ಟರು ಎಲ್ಲರಿಗೂ ಇದು ಅನ್ವಯಿಸುತ್ತದೆ. ಮುಂದಿನ ಪಂದ್ಯಕ್ಕೆ ಬೇರೆಯವರನ್ನು ಆರಿಸಿದರೆ ಅದು ಕೆಲಸದ ತೀರ್ಮಾನ, ಅದರಲ್ಲಿ ಅನ್ಯಾಯವಿಲ್ಲ. ಅನ್ಯಾಯ ಶುರುವಾಗುವುದು ಮಾಡಿದ ಕೆಲಸವನ್ನು ಬಿಟ್ಟು ಮನುಷ್ಯನನ್ನೇ ಶಿಕ್ಷಿಸಹೊರಟಾಗ, ಮತ್ತು ಆ ಶಿಕ್ಷೆಗೆ ಕೊನೆಯ ದಿನಾಂಕವನ್ನೇ ಬರೆಯದಿದ್ದಾಗ. ಇಂಥ ಭಯದಿಂದ ಕೆಲಸವೂ ಸುಧಾರಿಸುವುದಿಲ್ಲ. ಇಸ್ರೇಲಿನ ಕೆಲವು ಸಂಶೋಧಕರು 286 ಪೆನಾಲ್ಟಿ ಒದೆತಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಡುವಿನಲ್ಲೇ ನಿಂತರೆ ಚೆಂಡು ತಡೆಯುವ ಸಾಧ್ಯತೆ ಹೆಚ್ಚು. ಆದರೂ ಗೋಲ್‌ಕೀಪರುಗಳು ಬಹುಪಾಲು ಎಡಕ್ಕೋ ಬಲಕ್ಕೋ ಹಾರುತ್ತಾರೆ. ನಿಂತಲ್ಲೇ ನಿಂತು ಗೋಲು ಬಿಟ್ಟರೆ ಏನೂ ಮಾಡಲಿಲ್ಲವೆಂಬ ಮಾತು ಬರುತ್ತದಲ್ಲ! ದೂರಿಗೆ ಹೆದರಿದವನು ಸರಿಯಾದದ್ದನ್ನು ಬಿಟ್ಟು ದೂರು ಬಾರದ್ದನ್ನು ಮಾಡುತ್ತಾನೆ.

ದೂರು ಯಾರ ಮೇಲೆ ನಿಲ್ಲುತ್ತದೆ ಎಂಬುದನ್ನೂ ಗಮನಿಸಬೇಕು. ಆ ದಿನ ಹನ್ನೊಂದು ಜನ ಸೋತರು. ಸಮ ಮಾಡಿಕೊಂಡರೂ ಸಾಕಾಗಿದ್ದ ತಂಡವನ್ನು ಹೇಗೆ ಆಡಿಸಿದರು ಎಂದು ಕೋಚ್‌ಗೆ ಕೇಳಬಹುದಿತ್ತು. ಆಡುವ ಮೊದಲೇ ಗೆಲುವು ಸಾರಿದ ಪತ್ರಿಕೆಗೂ ಕೇಳಬಹುದಿತ್ತು. ಆದರೆ ಜನರ ಸಿಟ್ಟು ಬಂದು ನಿಂತದ್ದು ಬಾರ್ಬೋಸಾ, ಬಿಗೋಡಿ, ಜುವೆನಾಲ್ ಎಂಬ ಮೂವರ ಮೇಲೆ. ಮೂವರೂ ಕಪ್ಪು ಜನ. ಕಪ್ಪು ಗೋಲ್‌ಕೀಪರನನ್ನು ನಂಬಬಾರದೆಂಬ ಮಾತು ಆ ದೇಶದಲ್ಲಿ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ಸೋಲಿಗೆ ಒಂದು ಮುಖ ಬೇಕಾದಾಗ ಸಮಾಜ ಮೊದಲೇ ಅನುಮಾನಿಸಿಟ್ಟ ಮುಖವನ್ನೇ ಹುಡುಕುತ್ತದೆ.

ನಮ್ಮ ದೇಶದಲ್ಲೂ ಇದು ನಡೆದಿದೆ. 1982ರ ದಿಲ್ಲಿ ಏಷ್ಯಾಡ್‌ನ ಹಾಕಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 7-1ರಿಂದ ಸೋತಿತು. ಗೋಲು ಕಾದ ಮೀರ್ ರಂಜನ್ ನೇಗಿ ಹಣ ತಿಂದು ಗೋಲು ಬಿಟ್ಟರೆಂಬ ತೊಹಮತ್ ಹಬ್ಬಿತು. ಹೆಸರಿನಲ್ಲಿ 'ಮೀರ್' ಇದ್ದುದರಿಂದ ಅವರನ್ನು ಮುಸ್ಲಿಮರೆಂದು ತಿಳಿದವರೂ ಇದ್ದರು. ಅವರು ಹಿಂದೂ. ದ್ರೋಹವೆಂಬ ಮಾತಿಗೆ ಯಾವ ಹೆಸರು ಹೊಂದುತ್ತದೆಂದು ಕೆಲವರು ಮೊದಲೇ ತೀರ್ಮಾನಿಸಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಟಿ20 ಪಂದ್ಯವನ್ನು ಹತ್ತು ವಿಕೆಟ್‌ಗಳಿಂದ ಸೋತಿತು. ಅಂದರೆ ಯಾವ ಬೌಲರನಿಗೂ ಒಂದು ವಿಕೆಟ್ ಸಿಗಲಿಲ್ಲ. ಆದರೂ ಧರ್ಮ ಹಿಡಿದು ಬೈಸಿಕೊಂಡವರು ಮುಹಮ್ಮದ್ ಶಮಿ. ನಾಯಕ ವಿರಾಟ್ ಕೊಹ್ಲಿ ಕೆಲವೇ ದಿನಗಳಲ್ಲಿ ಪತ್ರಕರ್ತರ ಮುಂದೆ ಅವರ ಪರ ನಿಂತು ಮಾತಾಡಿದರು. ಬಾರ್ಬೋಸಾ ಅವರಿಗೆ ಸಿಗಬೇಕಿದ್ದದ್ದು ಇಂಥ ಒಂದು ಮಾತು.

ನೇಗಿ ಅವರ ಕತೆಗೆ ಇನ್ನೊಂದು ಅಧ್ಯಾಯವಿದೆ. 1998ರಲ್ಲಿ ಅವರನ್ನು ಭಾರತ ತಂಡದ ಗೋಲ್‌ಕೀಪರುಗಳಿಗೆ ಕಲಿಸಲು ಕರೆದರು. ಅದೇ ವರ್ಷ ಬ್ಯಾಂಕಾಕ್‌ನಲ್ಲಿ ಭಾರತ 32 ವರ್ಷಗಳ ನಂತರ ಏಷ್ಯಾಡ್ ಹಾಕಿ ಚಿನ್ನ ಗೆದ್ದಿತು. ಫೈನಲ್‌ನ ಟೈಬ್ರೇಕರ್‌ನಲ್ಲಿ ಗೋಲು ಕಾದು ಗೆಲ್ಲಿಸಿದವರು ಬೆಂಗಳೂರಿನ ಆಶಿಷ್ ಬಲ್ಲಾಳ್. ಹದಿನಾರು ವರ್ಷ ತಡವಾದರೂ ಒಂದು ಬಾಗಿಲು ತೆರೆಯಿತು. ಬ್ರೆಜಿಲ್‌ನಲ್ಲಿ ಹಾಗಾಗಲಿಲ್ಲ. 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಗೆ 7-1ರಿಂದ ಸೋತಾಗ, ಈಗ ಬಾರ್ಬೋಸಾ ಅವರಿಗೆ ಬಿಡುಗಡೆ ಎಂದು ಕೆಲವರು ಬರೆದರು. ಸತ್ತು ಹದಿನಾಲ್ಕು ವರ್ಷವಾದ ಮೇಲೆ, ಅದೂ ಇನ್ನೂ ದೊಡ್ಡ ಅವಮಾನ ಸಿಕ್ಕಿದ್ದರಿಂದ ಬಂದ ಬಿಡುಗಡೆಯನ್ನು ಇನ್ಸಾಫ್ ಎನ್ನಲಾದೀತೇ?

ಶಮಿಯವರಿಗೆ ಆದದ್ದನ್ನು ಕಂಡು ನೊಂದ ನಾವು ನಮ್ಮ ಮನೆಗಳನ್ನೂ ನೋಡಿಕೊಳ್ಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಖಾಂದಾನಿನ ಇಜ್ಜತ್ ಎಂಬ ಗೋಲನ್ನು ಕಾಯುವವರು ಯಾರು? ಅಣ್ಣ ಸಾಲ ಮಾಡಿ ಊರು ಬಿಡಬಹುದು, ತಮ್ಮ ಓದು ಬಿಟ್ಟು ಚೌಕದಲ್ಲಿ ಕಾಲ ಕಳೆಯಬಹುದು. ನಾಲ್ಕು ದಿನ ಮಾತಾಡಿ ಮರೆಯುತ್ತಾರೆ. ಮಗಳ ತಲಾಕ್ ಆದರೆ ಮಾತ್ರ ಆ ಲೆಕ್ಕ ಮುಗಿಯುವುದೇ ಇಲ್ಲ. ಅವಳು ಎಷ್ಟು ವರ್ಷ ಸಹಿಸಿದಳು, ಎಷ್ಟು ಸಲ ಮನೆ ಉಳಿಸಿದಳು ಎಂದು ಎಣಿಸುವವರಿಲ್ಲ. ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಅವಳನ್ನು ಬೆರಳು ಮಾಡಿ ತೋರಿಸುವವರಿದ್ದಾರೆ. ಬೇರೆ ಬಣ್ಣದ ಅಂಗಿ ತೊಡಿಸಿ ಒಬ್ಬಳನ್ನೇ ಗೋಲಿಗೆ ನಿಲ್ಲಿಸಿದವರು ನಾವೇ. ಯಾರ ಹೊರೆಯನ್ನೂ ಬೇರೊಬ್ಬರ ಮೇಲೆ ಹೊರಿಸಲಾಗದು ಎಂಬ ಕುರ್‌ಆನಿನ ತತ್ವವನ್ನು ವಾಜ್‌ನಲ್ಲಿ ಕೇಳಿ ತಲೆದೂಗುವ ನಾವು ಮನೆಗೆ ಬಂದು ಇಡೀ ಮನೆತನದ ಹೊರೆಯನ್ನು ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟುತ್ತೇವೆ.

ಉರುಗ್ವೆಯ ನಾಯಕ ಒಬ್ದುಲಿಯೊ ವರೇಲಾ ಆ ರಾತ್ರಿ ಸಂಭ್ರಮ ಬಿಟ್ಟು ರಿಯೊದ ಬೀದಿಗಿಳಿದರಂತೆ. ಹೋದಲ್ಲೆಲ್ಲ ಅಳುತ್ತಿದ್ದ ಜನರನ್ನು ಕಂಡು ಅವರ ನಡುವೆಯೇ ಬೆಳಗಿನವರೆಗೆ ಕುಳಿತಿದ್ದರಂತೆ. ಸೋಲಿಸಿದವನಿಗೆ ಸೋತವರ ದುಃಖ ಅರ್ಥವಾಯಿತು. ಸೋತವರಿಗೆ ತಮ್ಮವನೇ ಆದ ಬಾರ್ಬೋಸಾ ಅವರ ದುಃಖ ಅರ್ಥವಾಗಲಿಲ್ಲ. ಅದಕ್ಕೆ ದೊಡ್ಡ ತತ್ವಜ್ಞಾನವೇನೂ ಬೇಕಿರಲಿಲ್ಲ. ಯಾರಾದರೂ ಒಬ್ಬರು ಎದ್ದು, ಆ ದಿನ ಸೋತದ್ದು ನಾವೆಲ್ಲ ಎಂದಿದ್ದರೆ ಸಾಕಿತ್ತು. ನಮ್ಮ ಊರು ಕೇರಿಗಳಲ್ಲಿ ಆ ಮಾತಿಗಾಗಿ ಕಾಯುತ್ತಿರುವವರು ಇನ್ನೂ ಬದುಕಿದ್ದಾರೆ.