ಪರರ ಮುಖದ ಬಗ್ಗೆ ಆಡುವ ಮಾತು

“ಮೂಗು ಸ್ವಲ್ಪ ದಪ್ಪ ಕಾಣ್ತಿದೆ.” ಹವ್ಯಾಸಿ ಛಾಯಾಗ್ರಾಹಕರು ನಾಲ್ಕು ಜನ ಸೇರಿ, ತಮ್ಮಲ್ಲೊಬ್ಬರು ತೆಗೆದ ಪೋರ್ಟ್ರೇಟ್ ನೋಡುವಾಗ ಇಂಥದ್ದೊಂದು ಮಾತು ಬಂದೇ ಬರುತ್ತದೆ. ಹೇಳಿದವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಮುಲಾಜಿಲ್ಲದೆ ಹೇಳಿ ಎಂದು ಕೇಳಿದವರು ಚಿತ್ರ ತೆಗೆದವರೇ. ಆದರೆ ಆ ಮೂಗು ಅವರದಲ್ಲ. ಬಿಸಿಲಲ್ಲಿ ನಿಂತು, ಹೇಳಿದ ಕಡೆಗೆಲ್ಲ ಕತ್ತು ತಿರುಗಿಸಿ, ಮತ್ತೊಬ್ಬರ ಕಲಿಕೆಗೆ ತನ್ನ ಮುಖವನ್ನು ಒಪ್ಪಿಸಿದ ಹುಡುಗಿಯದು. ಬೆಟ್ಟದ ಚಿತ್ರವನ್ನೋ ಹೂವಿನ ಚಿತ್ರವನ್ನೋ ವಿಮರ್ಶಿಸುವಾಗ ಹೇಳುವವರು, ಕೇಳುವವರು ಇಬ್ಬರೇ. ಪೋರ್ಟ್ರೇಟಿನ ಮುಂದೆ ಮೂರನೆಯವರೊಬ್ಬರು ಇದ್ದಾರೆ, ಬಹಳ ಸಲ ಅವರು ಆ ಕೋಣೆಯಲ್ಲೇ ಇರುವುದಿಲ್ಲ. ನಿಜ ಹೇಳುವುದು ಧರ್ಮವೋ, ನೋಯಿಸದಿರುವುದು ಧರ್ಮವೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಇನ್ನಷ್ಟು ಕಠಿಣವಾಗುತ್ತದೆ.

ಹಿಂದಿನವರು ಇದಕ್ಕೆ ಒಂದೇ ಉತ್ತರ ಕೊಟ್ಟು ಸುಮ್ಮನಾಗಲಿಲ್ಲ. ಕರ್ನಾಟಕದ ಜೈನ ಪರಂಪರೆ ಗೌರವದಿಂದ ನೆನೆಯುವ ಆಚಾರ್ಯ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನ ಬರೆದರು. ಸುಳ್ಳು ಎಂದರೇನು ಎಂದು ಬಿಡಿಸಿ ಹೇಳುವ ಕಡೆ ಅವರ ನಿಲುವು ಬಿಗಿಯಾಗಿದೆ: ಜೀವಿಗೆ ನೋವು ತರುವ ಮಾತು, ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಾದರೂ, ಅಸತ್ಯದ ಸಾಲಿಗೇ ಸೇರುತ್ತದೆ. ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಬುದ್ಧ ಇನ್ನೊಂದು ದಾರಿ ತೋರಿಸುತ್ತಾನೆ. ರಾಜಕುಮಾರ ಅಭಯನ ತೊಡೆಯ ಮೇಲೆ ಪುಟ್ಟ ಮಗುವೊಂದು ಮಲಗಿರುತ್ತದೆ. ಈ ಮಗು ಬಾಯಿಗೆ ಕಲ್ಲು ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧ ಕೇಳುತ್ತಾನೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆ ಇದೆಯಲ್ಲ ಎನ್ನುತ್ತಾನೆ ಅಭಯ. ಹಾಗೆಯೇ ನಿಜವೂ ಹಿತವೂ ಆದ ಮಾತು ಅಪ್ರಿಯವಾಗಿದ್ದರೂ ತಥಾಗತನು ಅದನ್ನು ಆಡುತ್ತಾನೆ, ಆದರೆ ಹೊತ್ತು ನೋಡಿ.

ಒಂದು ಕಡೆ ನೋಯಿಸಬೇಡ ಎಂಬ ಕಟ್ಟಪ್ಪಣೆ, ಇನ್ನೊಂದು ಕಡೆ ಹಿತಕ್ಕಾಗಿ ನೋವಾದರೂ ಆಗಲಿ ಎಂಬ ಅನುಮತಿ. ಚಿತ್ರ ನೋಡುವವರು ಸಾಮಾನ್ಯವಾಗಿ ಇವೆರಡರ ಸುಲಭದ ರೂಪಗಳನ್ನು ಆರಿಸಿಕೊಳ್ಳುತ್ತಾರೆ. ಕೆಲವರು ‘ಸೂಪರ್’ ಎಂದು ಮುಗಿಸುತ್ತಾರೆ, ಕಲ್ಲು ಬಾಯಲ್ಲೇ ಉಳಿಯುತ್ತದೆ. ಉಳಿದವರು ನೇರ ಮಾತಿನ ಹೆಸರಲ್ಲಿ ಮೂಗಿಗೆ ಕೈ ಹಾಕುತ್ತಾರೆ.

ಆ ಮೂಗನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕು. ಮೊಬೈಲಿನ ವೈಡ್ ಲೆನ್ಸ್ ಹಿಡಿದು ಮುಖದಿಂದ ಒಂದೂವರೆ ಅಡಿ ದೂರದಲ್ಲಿ ನಿಂತರೆ, ಮೂಗಿನ ತುದಿ ಕಿವಿಗಿಂತ ಕ್ಯಾಮೆರಾಕ್ಕೆ ಎಷ್ಟೋ ಹತ್ತಿರವಿರುತ್ತದೆ. ಅಷ್ಟು ಕಡಿಮೆ ದೂರದಲ್ಲಿ ಆ ಅಂತರ ಬಹಳ ದೊಡ್ಡದು. ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿದು ಚಿಕ್ಕದಾಗುತ್ತದೆ. ಆರೇಳು ಅಡಿ ಹಿಂದೆ ಬಂದು 85 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಅದೇ ಮೂಗು ತನ್ನ ಅಳತೆಗೆ ಮರಳುತ್ತದೆ. ಅಂದಮೇಲೆ ‘ಮೂಗು ದಪ್ಪ’ ಎಂಬ ಮಾತು ನೋಯಿಸುತ್ತದೆ, ಜೊತೆಗೆ ತಪ್ಪೂ ಹೌದು. “ತೀರಾ ಹತ್ತಿರ ಹೋಗಿದ್ದೀರಿ, ಮೂರು ಹೆಜ್ಜೆ ಹಿಂದೆ ಬನ್ನಿ” ಎಂದರೆ ಅದು ನಿಜ, ತೆಗೆದವರಿಗೆ ಉಪಯೋಗ, ಹುಡುಗಿಗೆ ನೋವಿಲ್ಲ. ಪೂಜ್ಯಪಾದರ ಷರತ್ತೂ ಬುದ್ಧನ ಷರತ್ತೂ ಇಲ್ಲಿ ಒಟ್ಟಿಗೇ ಈಡೇರುತ್ತವೆ. ಅದಕ್ಕೆ ಬೇಕಾದದ್ದು ಸಿಹಿ ಲೇಪನವಲ್ಲ, ಕಾರಣವನ್ನು ಹುಡುಕುವ ಶ್ರಮ.

ಮೈಬಣ್ಣದ ವಿಷಯದಲ್ಲಿ ಈ ಶ್ರಮ ಇನ್ನೂ ಅಗತ್ಯ. ಕ್ಯಾಮೆರಾದ ಮೀಟರ್ ಕಂಡದ್ದನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ಎಳೆಯುತ್ತದೆ. ಎಣ್ಣೆಗಪ್ಪು ಮುಖದ ಹಿಂದೆ ಬಿಳಿ ಗೋಡೆ ಇದ್ದರೆ ಅದು ಗೋಡೆಯ ಬೆಳಕು ತಗ್ಗಿಸಲು ಹೋಗಿ ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಕಲರ್ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿಯ ಲ್ಯಾಬುಗಳು ಬಣ್ಣ ಹೊಂದಿಸಲು ಬಳಸುತ್ತಿದ್ದ ‘ಶರ್ಲಿ ಕಾರ್ಡ್’ ಮೇಲೆ ದಶಕಗಳ ಕಾಲ ಬಿಳಿಯ ಹೆಣ್ಣಿನ ಮುಖವೇ ಇತ್ತು. ಕಪ್ಪು ಮೈಬಣ್ಣದ ವಿವರ ಪ್ರಿಂಟಿನಲ್ಲಿ ಹೂತುಹೋಗುತ್ತಿತ್ತು. “ಹುಡುಗಿ ಕಪ್ಪು, ಅದಕ್ಕೇ ಸರಿಯಾಗಿ ಬಂದಿಲ್ಲ” ಎನ್ನುವವರು ಯಂತ್ರದ ದೋಷವನ್ನು, ಎಕ್ಸ್‌ಪೋಷರ್ ತಿದ್ದದವರ ದೋಷವನ್ನು ಒಂದು ಮೈಮೇಲೆ ಹೊರಿಸುತ್ತಾರೆ. ನಮ್ಮ ನಾಡಿನಲ್ಲಿ ಮದುವೆ ಮಾತುಕತೆಯಿಂದ ಹಿಡಿದು ಜಾಹೀರಾತಿನವರೆಗೆ ಆ ಮೈ ಹೊತ್ತಿರುವ ಭಾರವೇ ಸಾಕಷ್ಟಿದೆ. ಇಲ್ಲಿ ಮಾತು ತಪ್ಪುವುದು ಸಣ್ಣ ತಪ್ಪಲ್ಲ.

ಟೀಕೆ ಸ್ವೀಕರಿಸುವವರ ಧರ್ಮವೇನು? ಇದಕ್ಕೆ ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1863ರಲ್ಲಿ, 48ನೇ ವಯಸ್ಸಿನಲ್ಲಿ, ಮಗಳು ಅಳಿಯ ಕೊಟ್ಟ ಕ್ಯಾಮೆರಾ ಅವರ ಕೈಗೆ ಬಂತು. ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡು ಸ್ಟುಡಿಯೋ ಆಯಿತು, ಕಲ್ಲಿದ್ದಲು ಕೋಣೆ ಡಾರ್ಕ್‌ರೂಮ್ ಆಯಿತು. ಗಂಟೆಗೆ ಅರ್ಧ ಕ್ರೌನ್ ಕೊಟ್ಟು ಊರಿನ ರೈತನೊಬ್ಬನನ್ನು ಕೂರಿಸಿ, ಎಷ್ಟೋ ಗಂಟೆಗಳ ನಂತರ ದಕ್ಕಿದ ಮೊದಲ ಚಿತ್ರವನ್ನು ಆಕೆ ಗೊತ್ತಿಲ್ಲದೆ ಗಾಜಿನ ಮೇಲೆ ಕೈಯಾಡಿಸಿ ತಾವೇ ಅಳಿಸಿಬಿಟ್ಟರು. ಮುಂದೆ ಮನೆಗೆಲಸದ ಮೇರಿ ಹಿಲಿಯರ್ ಆ ಕ್ಯಾಮೆರಾದ ಮುಂದೆ ಮತ್ತೆ ಮತ್ತೆ ಯೇಸುವಿನ ತಾಯಿಯಾಗಿ ಕೂತಳು.

ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿಯ ಪತ್ರಿಕೆ ಈ ಚಿತ್ರಗಳನ್ನು ಕಟುವಾಗಿ ಟೀಕಿಸಿತು. ಫೋಕಸ್ ಇಲ್ಲ, ಕೆಲಸದಲ್ಲಿ ಶುಚಿಯಿಲ್ಲ ಎಂಬುದು ದೂರು. ಕ್ಯಾಮರಾನ್ ಟೀಕೆಯನ್ನು ಎರಡಾಗಿ ಸೀಳಿ ನೋಡಿದರು. ಫೋಕಸಿನ ಮಾತನ್ನು ಅವರು ಒಪ್ಪಲಿಲ್ಲ. ಲೆನ್ಸ್ ತಿರುಗಿಸುವಾಗ ಕಣ್ಣಿಗೆ ಸುಂದರವಾಗಿ ಕಂಡ ಕಡೆ ನಿಲ್ಲಿಸುತ್ತಿದ್ದೆ ಎಂದು ಆಮೇಲೆ ಬರೆದುಕೊಂಡರು. ಯಾವ ಫೋಕಸ್ ಸರಿ ಎಂದು ಹೇಳುವ ಹಕ್ಕು ಯಾರಿಗಿದೆ ಎಂದು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್‌ಗೆ 1864ರಲ್ಲಿ ಪತ್ರ ಹಾಕಿದ್ದರು. ಆದರೆ ನೆಗೆಟಿವ್‌ಗಳ ಮೇಲ್ಪದರ ಬಿರುಕು ಬಿಡತೊಡಗಿದಾಗ, 1869ರಲ್ಲಿ, ಅದೇ ಸೊಸೈಟಿಯವರ ಬಳಿ ಹೋಗಿ ಕಾರಣ ಕೇಳಿದರು. ನೋಟ ತಮ್ಮದು, ರಸಾಯನ ಎಲ್ಲರದು ಎಂಬ ಈ ಸ್ಪಷ್ಟತೆ ದೊಡ್ಡದು. ಇಂದಿನ ಹವ್ಯಾಸಿಗಳಲ್ಲಿ ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ: ಯಾರೋ ಹೇಳಿದರೆಂದು ತಮ್ಮ ನೋಟವನ್ನು ಬಿಟ್ಟುಕೊಡುತ್ತಾರೆ, ಕಣ್ಣಿಗೆ ಫೋಕಸ್ ಬಿದ್ದಿಲ್ಲ ಎಂದರೆ ಮಾತ್ರ ಅದು ತಮ್ಮ ಶೈಲಿ ಎಂದು ವಾದಿಸುತ್ತಾರೆ.

ಕ್ಯಾಮರಾನ್ ಅವರ ಮುಂದೆ ಕೂತವರ ಮಾತೂ ಅಲ್ಲಲ್ಲಿ ಉಳಿದಿದೆ. 1867ರಲ್ಲಿ ಆಕೆ ತೆಗೆದ ತನ್ನ ಚಿತ್ರ ಕಂಡ ಲೇಖಕ ಥಾಮಸ್ ಕಾರ್ಲೈಲ್, ಭಯಂಕರ ಕುರೂಪ, ಆದರೂ ಹೋಲಿಕೆ ಇದೆ, ಚಿತ್ರ ಮಾತಾಡತೊಡಗಿದ ಹಾಗಿದೆ ಎಂಬರ್ಥದಲ್ಲಿ ಬರೆದ. ತನ್ನ ಮುಖವನ್ನು ಕುರೂಪವೆನ್ನುವ ಹಕ್ಕು ಅವನಿಗಿತ್ತು, ಅವನೊಬ್ಬನಿಗೇ ಇತ್ತು. ಇನ್ನೊಂದು ಬರಹ 1886ರದು, ‘ಫೋಟೊಗ್ರಾಫಿಕ್ ನ್ಯೂಸ್’ ಪತ್ರಿಕೆಯಲ್ಲಿ ಬಂದದ್ದು. ಬರೆದಾಕೆ ಹೆಸರು ಹಾಕಿಲ್ಲ, ಆಕೆಯೂ ಹವ್ಯಾಸಿ ಛಾಯಾಗ್ರಾಹಕಿ. ಕ್ಯಾಮರಾನ್ ಆಕೆಯ ತಲೆಗೆ ಕಿರೀಟವಿಟ್ಟು ಜೆನೋಬಿಯಾ ರಾಣಿಯಾಗಿ ನಿಲ್ಲಿಸಿದ್ದರಂತೆ. ಒಂದು ನಿಮಿಷಕ್ಕೆ ಚೀರಬೇಕೆನಿಸಿತು, ಮೂರನೆಯದಕ್ಕೆ ಕತ್ತು ಮರಗಟ್ಟಿತು, ನಾಲ್ಕನೆಯದಕ್ಕೆ ಅಳತೆ ಮೀರಿದ ಕಿರೀಟ ಹಣೆಗೆ ಜಾರಿತು. ಮೊದಲೆರಡು ಪ್ಲೇಟು ಅಲುಗಾಡಿ ಕೆಟ್ಟವು. ಮೂರನೆಯದಕ್ಕೆ ತಲೆಗೆ ಆಸರೆಯಿಲ್ಲದೆ ಹತ್ತು ನಿಮಿಷದಷ್ಟು ನಿಲ್ಲಬೇಕಾಯಿತು.

ಕ್ಯಾಮರಾನ್ ಚಿತ್ರಗಳ ಬಗ್ಗೆ ಬಂದ ಎಷ್ಟೋ ವಿಮರ್ಶೆಗಳಿಗಿಂತ ಈ ಕೆಲವೇ ವಾಕ್ಯಗಳು ಛಾಯಾಗ್ರಾಹಕರಿಗೆ ಹೆಚ್ಚು ಕಲಿಸುತ್ತವೆ: ಕಿರೀಟ ದೊಡ್ಡದಿತ್ತು, ಕತ್ತು ನೋಯುತ್ತಿತ್ತು, ಒಂದು ಆಸರೆ ಬೇಕಿತ್ತು. ಚಿತ್ರ ನೋಡಲು ಸೇರುವವರು ಮಾಡೆಲ್‌ಗೂ ಒಂದು ಕುರ್ಚಿ ಹಾಕಬೇಕು, ಅದೂ ಮೊದಲ ಸಾಲಿನಲ್ಲಿ. ಯಾವ ಚಿತ್ರ ಹೊರಗೆ ಹೋಗಬೇಕು, ಯಾವುದು ಬೇಡ ಎಂದು ಆಕೆ ಹೇಳಿದ ಮೇಲೆ ಉಳಿದವರು ಬೆಳಕಿನ ಬಗ್ಗೆ, ದೂರದ ಬಗ್ಗೆ, ಹಿಂದಿನ ಗೋಡೆಯ ಬಗ್ಗೆ ಮಾತು ಶುರುಮಾಡಬಹುದು. ಆಕೆ ಎದುರಿಗಿದ್ದಾಗ ‘ಮೂಗು ದಪ್ಪ’ ಎನ್ನಲು ಬಾಯಿ ಬರುವುದಿಲ್ಲ, ‘ಹತ್ತಿರ ಹೋಗಿದ್ದೀರಿ’ ಎನ್ನಲು ಬರುತ್ತದೆ.