ನನ್ನ ಕಣ್ಣು ಸರಿ ಇಲ್ವಾ?

ಸಂಕ್ರಾಂತಿಗೆ ತುರುವೇಕೆರೆ ಪಕ್ಕದ ನಮ್ಮೂರಿಗೆ ಹೋದಾಗ ಟೆಲಿಸ್ಕೋಪನ್ನೂ ಕಾರಿಗೆ ಹಾಕ್ಕೊಂಡಿದ್ದೆ. ರಾತ್ರಿ ತೆಂಗಿನ ಗರಿಗಳ ಮೇಲೆ ಮಹಾವ್ಯಾಧ, ಅಂದ್ರೆ ಓರಿಯನ್, ಏರಿತ್ತು. ನಾನು ಹಿಂದೆ ತೆಗೆದ ಅದರ ನೀಹಾರಿಕೆಯ ಫೋಟೊ ಆಗಲೇ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿತ್ತು: ಚಿನ್ನದ ಮೋಡ, ನಡುವೆ ನೀಲಿ. ಅಕ್ಕನ ಮಗಳು ಟೆಲಿಸ್ಕೋಪಿಗೆ ಕಣ್ಣಿಟ್ಟಳು. ಕಂಡಿದ್ದು ಬೂದಿ ಬಣ್ಣದ ಮಬ್ಬು.

"ಮಾವ, ನನ್ನ ಕಣ್ಣು ಸರಿ ಇಲ್ವಾ?"

ಆ ಫೋಟೊ ಆಗಿದ್ದು ಹೀಗೆ. ನನ್ನ ಕ್ಯಾಮೆರಾ ಕಪ್ಪು-ಬಿಳುಪಿನದು. ಗಂಧಕ, ಹೈಡ್ರೋಜನ್, ಆಮ್ಲಜನಕ, ಒಂದೊಂದರ ಬೆಳಕಿಗೂ ಬೇರೆ ಫಿಲ್ಟರ್ ಹಾಕಿ ತೆಗೆದ ಚಿತ್ರಗಳನ್ನ ಕ್ರಮವಾಗಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳಿಗೆ ತುಂಬಿಸ್ತೀವಿ. 1995ರಲ್ಲಿ ಹಬಲ್ ತೆಗೆದ 'ಸೃಷ್ಟಿಯ ಕಂಬಗಳು' ಚಿತ್ರದ್ದೂ ಇದೇ ಲೆಕ್ಕ. ಹೈಡ್ರೋಜನ್ನಿನ ಬೆಳಕು 656 ನ್ಯಾನೊಮೀಟರ್, ಗಂಧಕದ್ದು 672. ಎರಡೂ ಕೆಂಪೇ. ಇದ್ದ ಹಾಗೇ ಬಿಟ್ರೆ ಎಲ್ಲಿ ಯಾವುದಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಹೈಡ್ರೋಜನ್ನಿಗೆ ಹಸಿರು ಕೊಡೋದು. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಹಿಡಿಯುವ ಅತಿನೇರಳೆ ಬೆಳಕಂತೂ ಕಣ್ಣಿಗೆ ಕಾಣೋದೇ ಇಲ್ಲ. ಆ ಚಿತ್ರಗಳಲ್ಲಿ ಯಾವ ಬಣ್ಣ ಇದ್ದರೂ ಮನುಷ್ಯರು ಕೊಟ್ಟಿದ್ದೇ.

ಹಾಗಾದ್ರೆ ಇದು ಸುಳ್ಳಾ? ಅಪ್ಪ ಅಟ್ಟದ ಮೇಲಿನ ಕಾಯಿಯನ್ನ ಕಿವಿ ಹತ್ರ ಅಲ್ಲಾಡಿಸಿ, ಸದ್ದು ಕೇಳಿ, ಒಳಗೆ ಕೊಬ್ಬರಿ ಆಗಿದೆ ಅಂತಾರೆ. ಸದ್ದು ಕೊಬ್ಬರಿಯಲ್ಲ. ಆದ್ರೆ ಕಾಣದ ಕೊಬ್ಬರಿಯ ಬಗ್ಗೆ ಅದು ನಿಜವನ್ನೇ ಹೇಳುತ್ತೆ. ಹೈಡ್ರೋಜನ್ನಿಗೆ ಕೊಟ್ಟ ಹಸಿರೂ ಹಾಗೇ.

ನಾನು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಹೈಡ್ರೋಜನ್ನೇ ಜಾಸ್ತಿ ಇದ್ದಿದ್ರಿಂದ ಚಿತ್ರವೆಲ್ಲ ಹಸಿರಾಗಿತ್ತು. ಚೆಂದ ಕಾಣ್ಲಿ ಅಂತ ಹಸಿರು ಇಳಿಸಿ ಚಿನ್ನದ ಬಣ್ಣ ತಂದೆ. ಹಾಗೆ ಮಾಡು ಅಂತ ಹೇಳಿದ್ದು ಆಕಾಶವಲ್ಲ, ನನ್ನ ಲೈಕಿನ ಆಸೆ. ಅದೂ ದೊಡ್ಡ ಅಪರಾಧವಲ್ಲ. ಏನು ಮಾಡಿದೆ ಅಂತ ಒಂದು ಸಾಲೂ ಬರೆಯದೆ ಕಳಿಸಿದ್ದು ತಪ್ಪು. ಆಫೀಸಿನಲ್ಲಿ ಡ್ಯಾಶ್‌ಬೋರ್ಡಿಗೆ ಕೆಂಪು-ಹಸಿರು ಹಚ್ಚುವಾಗಲೂ ನಾವು ಇದನ್ನೇ ಮಾಡ್ತೀವಿ. ನೋಡುವವರು ನಮ್ಮ ಬಣ್ಣವನ್ನ ನಂಬ್ತಾರೆ, ತಮ್ಮ ಕಣ್ಣನ್ನ ಅನುಮಾನಿಸ್ತಾರೆ.

ಲ್ಯಾಪ್‌ಟಾಪ್ ತೆಗೆದು ಮೂರೂ ಕಪ್ಪು-ಬಿಳುಪು ಚಿತ್ರಗಳನ್ನ ಅವಳಿಗೆ ತೋರಿಸಿದೆ. "ಇಷ್ಟು ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಸಿಗಲ್ಲ ಪುಟ್ಟಿ. ಬಣ್ಣ ಹಾಕಿದ್ದು ನಾನು. ನಿನ್ನ ಕಣ್ಣು ಸರಿಯಾಗೇ ಇದೆ."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲ?" ಅಂದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಅವಳು ಮತ್ತೆ ಹೋಗಿ ಟೆಲಿಸ್ಕೋಪಿಗೆ ಕಣ್ಣಿಟ್ಟಳು.