ಲಾಭ, ಎರಡು, ಮೂರು

ಬೈಯಪ್ಪನಹಳ್ಳಿ ದಾಟಿ ಮೆಟ್ರೊ ಕೆ.ಆರ್. ಪುರದ ಕಡೆ ಹೊರಟಾಗ ಫೋನನ್ನು ಜೇಬಿಗಿಳಿಸಿ ಕಿಟಕಿಯ ಪಕ್ಕ ನಿಲ್ಲುತ್ತೇನೆ. 2023ರ ಅಕ್ಟೋಬರಿನಲ್ಲಿ ಈ ತುಂಡು ದಾರಿ ಶುರುವಾದಾಗಿನಿಂದ ಇದೇ ಅಭ್ಯಾಸ. ತಾತ ಎತ್ತಿನ ಗಾಡಿಯಲ್ಲಿ ತೂಕಡಿಸುತ್ತ ಸವೆಸಿದ ದಾರಿ, ನೋಡನೋಡುತ್ತಲೇ ಮುಗಿದುಹೋಗುತ್ತದೆ.

ತಾತ ಕೆ.ಆರ್. ಪುರದ ಆಚೆಯ ಹಳ್ಳಿಯವನು. ಕೊತ್ತಂಬರಿ, ದಂಟು ತುಂಬಿಕೊಂಡು ನಡುರಾತ್ರಿ ರಸ್ಸೆಲ್ ಮಾರ್ಕೆಟ್ಟಿಗೆ ಹೊರಟರೆ ‘ದಂಡಿಗೆ ಹೋಗ್ಬತ್ತೀನಿ’ ಅನ್ನುತ್ತಿದ್ದ. ಶಿವಾಜಿನಗರ ಎಂಬ ಹೆಸರು ಅವನ ಬಾಯಲ್ಲಿ ಬಂದದ್ದೇ ಇಲ್ಲ. ಪೇಟೆ ಮತ್ತು ದಂಡು 1949ರಲ್ಲೇ ಒಂದೇ ಆಡಳಿತಕ್ಕೆ ಸೇರಿದ್ದವು. ತಾತನ ಲೆಕ್ಕದಲ್ಲಿ ಸೇರಿರಲಿಲ್ಲ. ರೈಲ್ವೆಯವರದೂ ಅದೇ ಲೆಕ್ಕವಿರಬೇಕು, ಕಂಟೋನ್ಮೆಂಟ್ ಸ್ಟೇಷನ್ನಿನ ಕನ್ನಡ ಬೋರ್ಡು ಇವತ್ತಿಗೂ ‘ಬೆಂಗಳೂರು ದಂಡು’.

ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಉತ್ತ, ಬಿತ್ತ, ಸಾಲ ತೀರಿಸಿದ, ಮಕ್ಕಳ ಮದುವೆ ಮಾಡಿದ. ದೂರವಾಣಿನಗರದ ಐಟಿಐ ಕಾರ್ಖಾನೆಗೆ ಮಗ ಸೈಕಲ್ ತುಳಿಯುವುದನ್ನು ಕಣದ ಬದುವಿನಲ್ಲಿ ನಿಂತು ನೋಡಿದ. ಆದರೆ ಹಗೇವು ತೆಗೆಯುವ ದಿನದ ತಾತ ಬೇರೆಯೇ.

ರಾಗಿ ತುಂಬಿದ ನೆಲದೊಳಗಿನ ಆ ಗುಂಡಿಯ ಬಾಯಿಗೆ ಮೆತ್ತಿದ್ದ ಮಣ್ಣು ಕೆತ್ತಿ, ಚಪ್ಪಡಿ ಸರಿಸಿದರೆ ಹುಳಿಹುಳಿ ಬಿಸಿಗಾಳಿ ಏಳುತ್ತಿತ್ತು. ಯಾರೂ ಹತ್ತಿರ ಹೋಗುವಂತಿಲ್ಲ. ಹಗ್ಗಕ್ಕೆ ಲಾಟೀನು ಕಟ್ಟಿ ತಾತ ಮೆಲ್ಲಗೆ ಇಳಿಬಿಡುತ್ತಿದ್ದ. ದೀಪ ಸಣ್ಣಗಾಗಿ, ನೀಲಿಯಾಗಿ, ಆರಿಹೋಗುತ್ತಿತ್ತು. ‘ಇನ್ನೂ ಉಸ್ರು ಕಟ್ಟೈತೆ, ಒಸಿ ತಡೀರಿ.’ ಬೀಡಿ ಒಂದು ಮುಗಿಯುತ್ತಿತ್ತು, ಎರಡು ಮುಗಿಯುತ್ತಿತ್ತು. ದೀಪ ತಳದಲ್ಲೂ ನೆಟ್ಟಗೆ ಉರಿದ ಮೇಲೆ ಪಂಚೆ ಎತ್ತಿಕಟ್ಟಿ ಅವನೇ ಇಳಿಯುತ್ತಿದ್ದ. ಎದೆಯುದ್ದ ಬೆಳೆದ ಗಂಡುಮಕ್ಕಳು ಮೇಲೆಯೇ ನಿಂತಿರಬೇಕು. ಅಜ್ಜಿ ಮಾತ್ರ, ಅವನ ತಲೆ ಮತ್ತೆ ಕಾಣುವವರೆಗೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಕಾಳೂ ಉಸಿರಾಡುತ್ತದೆ, ಮುಚ್ಚಿದ ಗುಂಡಿಯ ಆಮ್ಲಜನಕವನ್ನು ಅದೇ ಕುಡಿದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೇ ಹುಳ ಬದುಕುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ನಾನು ಕಾಲೇಜಿನಲ್ಲಿ ಓದಿದೆ. ಓದಿದ ಮೇಲೆ ಬೆರಗು ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಮನೆಯವರಿಗೆಲ್ಲ ಊಟವಾಗುವ ಕಾಳು, ತೆಗೆಯಲು ಹೋದವನ ಉಸಿರನ್ನೂ ಕೇಳಬಲ್ಲದು! ಅದನ್ನು ಓದುಬರಹವಿಲ್ಲದ ಮನುಷ್ಯ ಒಂದು ಲಾಟೀನಿನಿಂದ ಅಳೆಯುತ್ತಿದ್ದ.

ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೋರಾಡಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ನಮ್ಮ ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಅದೊಂದು. ಇಷ್ಟು ಶತಮಾನ ಮಣ್ಣಲ್ಲಿದ್ದೂ ಹೆಸರು ಕೆಡಲಿಲ್ಲವಲ್ಲ ಎಂದು ಬೆರಗಾದೆ. ಆಮೇಲೆ ಒಂದು ತಕರಾರೂ ಹುಟ್ಟಿತು. ಕಲ್ಲು ಹೇಳುವುದು ಅವನ ಕೊನೆಯ ದಿನವನ್ನು. ಮಿಕ್ಕ ದಿನಗಳಲ್ಲಿ ಕಿತ್ತಯ್ಯ ಏನು ಬಿತ್ತುತ್ತಿದ್ದ, ಮನೆಯಲ್ಲಿ ಎಷ್ಟು ಬಾಯಿ, ಅವನ ದಾರಿ ಕಾಯುತ್ತಿದ್ದವರು ಯಾರು? ತಾತನದು ತಿರುಗುಮುರುಗು. ಅವನ ಸಾವಿನಲ್ಲಿ ಕೆತ್ತಿಸುವಂಥದ್ದಿಲ್ಲ, ಮಧ್ಯಾಹ್ನ ಮುದ್ದೆ ಉಂಡು ಮಲಗಿದವನು ಏಳಲಿಲ್ಲ. ಮಿಕ್ಕ ದಿನಗಳೆಲ್ಲ ನನ್ನ ಹತ್ತಿರ ಇವೆ.

ಹಗೇವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಕಾರು ನಿಲ್ಲಿಸುತ್ತಾರೆ. ಮೇಲೆ ಬಂದ ರಾಗಿಯನ್ನು ತಾತ ಅಳೆಯುತ್ತಿದ್ದ ಹಿತ್ತಾಳೆ ಕಟ್ಟಿನ ಸೇರು ನಮ್ಮ ಅಡುಗೆಮನೆಯಲ್ಲಿದೆ. ಮೊದಲ ಸೇರಿಗೆ ಅವನು ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು. ತಿಂಗಳ ಅಕ್ಕಿ ಅಳೆಯುವಾಗ ನನ್ನ ಮಗಳೂ ಹಾಗೇ ಎಣಿಸುತ್ತಾಳೆ. ಅವಳು ತಾತನನ್ನು ನೋಡಿಲ್ಲ.